ಹತ್ತು ನಿಮಿಷಕ್ಕೆ ಒಂದು ರೂಪಾಯಿ

ಶನಿವಾರ ಏಳೂವರೆಗೆ, ಕಂಕನಾಡಿಯಲ್ಲಿ,
ಮೊಬೈಲ್ ಕವರಿನ ನನ್ನ ಅಂಗಡಿಗೆ ಅರ್ಧ ಶಟರ್ ಎಳೆದ ಮೇಲೆ
ಈ ಇಬ್ಬರು ಬಗ್ಗಿ ಒಳಗೆ ಬರುತ್ತಾರೆ,
ನಲವತ್ತೇಳರ ಎರಡು ಸೊಂಟ
ಒಟ್ಟಿಗೇ ಲಟಕ್ಕೆನ್ನುತ್ತದೆ.

ಅಪ್ಪನ ಕಾಲಕ್ಕೆ ಇದೇ ಹತ್ತಡಿ ಜಾಗ
ವಿಡಿಯೋ ಗೇಮಿನದು.
ಹತ್ತು ನಿಮಿಷಕ್ಕೆ ಒಂದು ರೂಪಾಯಿ,
ಜಾಯ್‌ಸ್ಟಿಕ್ ಮುರಿದರೆ ನಲವತ್ತು, ಮತ್ತೆ ಒಂದು ಕಿವಿ.
ಗಡಿಯಾರ ನೋಡುವ ಕೆಲಸ ನನ್ನದು.
ಇವರಿಗೆ ನಾನು ಆಗಲೇ ಯಮ.

ಉಳಿದದ್ದು ಒಂದು ಡಬ್ಬಿ ಟೀವಿ, ಒಂದು ಹಳದಿ ಕ್ಯಾಸೆಟ್.
ಒಂಬತ್ತು ಲಕ್ಷ ಆಟಗಳೆಂದು ಮೇಲೆ ಬರೆದದ್ದುಂಟು.
ಎಣಿಸಿದ್ದೇನೆ, ಹನ್ನೊಂದು.
ಮಿಕ್ಕದ್ದೆಲ್ಲ ಅದೇ ಕಪ್ಪೆ,
ಬೇರೆ ಬಣ್ಣದ ಚಡ್ಡಿಯಲ್ಲಿ.

"ಊದು ಮಾರಾಯ" ಎನ್ನುತ್ತಾನೆ ಇದಿನಬ್ಬ.
"ಊದಿ ಊದಿಯೇ ಇದು ಕಿಲುಬಿದ್ದು.
ನಿನ್ನ ಬಾಯಿಂದ ಬರುವುದು ಗಾಳಿಯಾ?
ಬೂತಾಯಿ ಸಾರಿನ ಹಬೆ."
"ಹೌದೌದು, ಗ್ಲ್ಯಾಡ್‌ಸ್ಟನ್ ಸೆರಾವೊ ಉಸಿರು ಬಿಟ್ಟರೆ
ಇಗರ್ಜಿಗೆ ಧೂಪವೇ ಬೇಡ."
"ಈ ಊರಿನ ಉಪ್ಪುಗಾಳಿಗೆ ಬೀಗವೇ ನಿಲ್ಲುವುದಿಲ್ಲ,
ನಿನ್ನ ತಲೆ ಯಾವ ಲೆಕ್ಕ?"

"ಆಗಿನ ಸಾಮಾನು ಗಟ್ಟಿ."
"ಗಟ್ಟಿಯೇ. ನಿನ್ನ ಪೇಜರಿಗೆ ಹಗ್ಗ ಕಟ್ಟಿದರೆ
ಬಂದರಿನಲ್ಲಿ ಲಂಗರು ಹಾಕಬಹುದಿತ್ತು.
ಮೂರು ವರ್ಷದಲ್ಲಿ ಎರಡು ಸಲ ಕೂಗಿತು,
ಎರಡೂ ಸಲ ಕಂಪೆನಿಯವರ ಹಬ್ಬದ ಶುಭಾಶಯ."
"ನಿನ್ನ ಫ್ಲಾಪಿಯಲ್ಲಿ ಎಂತ ಇತ್ತು?"
"ಮದುವೆಯ ಬಯೋಡೇಟಾ."
"ತೆರೆಯಿತಾ ಅವರಲ್ಲಿ?"
"ಇಲ್ಲ."
"ಅದಕ್ಕೇ ಒಪ್ಪಿದ್ದು ಅವಳು."

ಹೀಗೆಯೇ. ಒಂಬತ್ತರವರೆಗೆ.
ಚಾ ತಣಿಯುತ್ತದೆ, ಟೀವಿ ಬಿಸಿಯಾಗುತ್ತದೆ.

ಇವತ್ತು ಇದಿನಬ್ಬ ಪ್ಲಾಸ್ಟಿಕ್ ತೊಟ್ಟೆಯಿಂದ ತೆಗೆದದ್ದು
ಪಾತಾಳ ಪಟೇಲ, ಸಂಚಿಕೆ ಹದಿನಾಲ್ಕು,
ಬಲ್ಮಠದ ಬಾಡಿಗೆ ಲೈಬ್ರರಿಯ ನೇರಳೆ ಮುದ್ರೆಯದು.
ಪಟೇಲ ಹಗಲು ಸರ್ವೆ ಆಫೀಸಿನ ಗುಮಾಸ್ತ,
ರಾತ್ರಿ ಬಾವಿಯಿಂದೆದ್ದು ಕಳ್ಳರನ್ನು ಹಿಡಿಯುವವ.
ಚಿತ್ರ ಬಿಡಿಸಿದವನಿಗೆ ಕೈಬೆರಳು ಬರುತ್ತಿರಲಿಲ್ಲ,
ಹಾಗಾಗಿ ಮೇ ತಿಂಗಳಲ್ಲೂ ಕಂಬಳಿ.

ಕೊನೆಯ ಪುಟ ಇಲ್ಲ.
ಪಟೇಲ ಹಗ್ಗದಲ್ಲಿ ನೇತಾಡುತ್ತಿದ್ದಾನೆ,
ಉಳಿದದ್ದು ಎರಡು ಎಳೆ,
ಕೆಳಗೆ ನೀರಿಲ್ಲದ ಬಾವಿ.
ಮೂವತ್ತನಾಲ್ಕು ವರ್ಷ ಇದಿನಬ್ಬ
ಲೈಬ್ರರಿಯ ಮುದುಕನಿಗೆ ಶಾಪ ಹಾಕಿದ್ದಾನೆ,
ಮುದುಕ ತೀರಿಕೊಂಡ ಮೇಲೂ, ತಪ್ಪದೆ.

"ಹರಿದದ್ದು ನಾನು."
ಗ್ಲ್ಯಾಡ್‌ಸ್ಟನ್ ಕಪ್ಪೆಯನ್ನೇ ನೋಡುತ್ತಿದ್ದ.
"ಹಿಂದಿನ ಬದಿ ಕೂಪನ್ ಇತ್ತು.
ಐದು ರೂಪಾಯಿಯ ಸ್ಟಾಂಪು ಇಟ್ಟು ಕಳಿಸಿದರೆ
ಮುಂಬಯಿಂದ ಎಕ್ಸ್‌ರೇ ಕನ್ನಡಕ."
"ಬಂತಾ?"
"ಬಂತು. ರಟ್ಟಿನದು. ಹಾಕಿದರೆ ಎಲ್ಲ ಮಬ್ಬು."
"ಈ ಬದಿ ಓದಿದ್ದಿಯಾ?"
"ಇಲ್ಲ ಮಾರಾಯ. ಗೋಂದು ಒಣಗುತ್ತಿತ್ತು."

ಮರುಮಾತಿಲ್ಲ.
ಈ ಅಂಗಡಿಯಲ್ಲಿ ಇದು ಮೊದಲು.
ಹೊರಗೆ ಕೊನೆಯ ಸಿಟಿ ಬಸ್ಸಿನ ಕಂಡಕ್ಟರ್
ಯಾರೂ ಇಲ್ಲದ ಸ್ಟಾಪಿಗೆ ಊರುಗಳ ಹೆಸರು ಕೂಗಿದ.

"ಒಬ್ಬ ಮನುಷ್ಯನನ್ನು ಮೂವತ್ತನಾಲ್ಕು ವರ್ಷ
ನೇತುಹಾಕಿದವನೇ,
ಕುಮ್ಸಾರಿಗೆ ಹೋದಾಗ ಪಾದ್ರಿ ಎಂತ ಹೇಳಿದರು?"
"ಅಲ್ಲಿ ಹೇಳಲಿಲ್ಲ."
"ಇಲ್ಲಿ ಹೇಳಿದ್ದು ಯಾಕೆ?"
"ಇಲ್ಲಿ ನೀನು ಬಯ್ಯುತ್ತೀಯಲ್ಲ."

ಇದಿನಬ್ಬ ಕ್ಯಾಸೆಟ್ ಕಿತ್ತು ಅವನ ಕೈಗಿಟ್ಟ.
"ಊದು."
"ಊದಬಾರದು ಅಂತ ಆಗಲೇ..."
"ಊದು, ಪಿರ್ಕಿ."

ಊದಿದ. ನೀಲಿ, ಗೆರೆ, ಮತ್ತೆ ನೀಲಿ,
ಆಮೇಲೆ ಕೆಂಪು ಚಡ್ಡಿಯ ಕಪ್ಪೆ
ಒಂದು ಕಾಲಿನಲ್ಲಿ ನಿಂತಿತು.

ನಾನೂ ಹೇಳಬಹುದಿತ್ತು ಆಗ.
ಅಪ್ಪನ ಹತ್ತು ನಿಮಿಷ ಅಂದರೆ ಎಂಟು.
ಮುಳ್ಳು ತಿರುಗಿಸುತ್ತಿದ್ದದ್ದು ನಾನು,
ಇವರು ಕಣ್ಣು ಮಿಟುಕಿಸದೆ ಆಡುವಾಗ.
ಅಂಗಡಿಯ ಬಾಡಿಗೆ ಹುಟ್ಟಿದ್ದು
ಉಳಿದ ಆ ಎರಡರಲ್ಲಿ.

ಹೇಳಲಿಲ್ಲ.
"ಒಬ್ಬೊಬ್ಬರದು ಒಂದೊಂದು ರೂಪಾಯಿ, ತೆಗೆಯಿರಿ" ಎಂದೆ.
ಇಬ್ಬರೂ ಕಿಸೆ ತಡಕಿದರು,
ಸಿಕ್ಕಿದ್ದು ಬರೇ ಫೋನು.