ಹಾಲುಹಲ್ಲಿನ ಗೆರೆ

ಡಂಡೀ ಊರಿನ ದಂತಶಾಲೆಯ ನೆಲಮಾಳಿಗೆಯಲ್ಲಿ
ಮಕ್ಕಳ ಹಾಲುಹಲ್ಲು ಸೀಳುವುದು ನನ್ನ ಕಸುಬು.
ಕಾಗದದಷ್ಟು ತೆಳ್ಳಗೆ ಸೀಳಿ, ಗಾಜಿಗಂಟಿಸಿ,
ಸೂಕ್ಷ್ಮದರ್ಶಕದ ಕೆಳಗಿಟ್ಟರೆ
ಕಾಂಡದಲ್ಲಿ ವರುಷ ಕಂಡ ಹಾಗೆ
ಹಲ್ಲಿನಲ್ಲಿ ದಿನಗಳು ಕಾಣುತ್ತವೆ.
ಒಂದು ಗೆರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇದೆ:
ಹುಟ್ಟಿದ ದಿನದ್ದು.
ಬೆಚ್ಚನೆಯ ನೀರಿನಿಂದ ಚಳಿಗೆ ಬಿದ್ದು
ಮೈ ಬೆಚ್ಚಿದ ಗುರುತು.

ಹಲ್ಲುಗಳು ಲಕೋಟೆಯಲ್ಲಿ ಬರುತ್ತವೆ.
ಹೆಸರಿಲ್ಲ, ನಂಬರು.
ಚೀಟಿ ಇಡಬೇಡಿ ಎಂದು ಫಾರಮ್ಮಿನಲ್ಲಿದ್ದರೂ
ತಾಯಂದಿರು ಇಡುತ್ತಾರೆ.
“ಟೋಸ್ಟು ಕಚ್ಚುವಾಗ ಬಿತ್ತು.”
“ಹಲ್ಲು ಒಯ್ಯುವ ಕಿನ್ನರಿಗೆ ಒಂದು ಪೌಂಡು ತೆತ್ತು
ಬಿಡಿಸಿಕೊಂಡಿದ್ದೇನೆ, ಜೋಪಾನ.”
ನಾನೂರ ಹದಿನೇಳರದ್ದು ಉದ್ದ:
“ಇವನು ಹುಟ್ಟಿದ ವರುಷ ಮೂರು ಮನೆ ಬದಲಿಸಿದೆವು.
ಮೂರನೆಯದರ ಗೋಡೆ ಇನ್ನೂ ಒಣಗಿಲ್ಲ.
ಇವನ ಕಿವಿ ಸದಾ ಸೋರುತ್ತೆ.
ಗಮನ ಸಾಲದು ಅಂತಾರೆ ಟೀಚರು.
ನಿಮ್ಮ ಯಂತ್ರದಲ್ಲಿ ಅದೂ ಕಾಣುತ್ತದಾ?”

ಅದು ಕಾಣುವುದಿಲ್ಲ.
ಐದನೆಯ ತಿಂಗಳ ಹತ್ತಿರ ಒಂದು ಕಪ್ಪು ಗೆರೆ,
ಅದಕ್ಕಂಟಿಕೊಂಡೇ ಇನ್ನೊಂದು.
ಜ್ವರವೋ, ಹಸಿವೋ, ರಾತ್ರಿಯಿಡೀ ಕೂಗಾಡುವ ಮನೆಯೋ,
ಗೆರೆಗೆ ಬಾಯಿಲ್ಲ.
ಅಗಲ ಅಳೆದು ಪುಸ್ತಕಕ್ಕೆ ಏರಿಸುತ್ತೇನೆ.
ಉತ್ತರ ಬರೆಯುವ ಹಾಗಿಲ್ಲ.

ಅಮ್ಮ ಸತ್ತಾಗ ತಂಬಾಕಿನ ಡಬ್ಬಿಯೊಂದರಲ್ಲಿ
ಎರಡು ಹಲ್ಲು ಸಿಕ್ಕವು, ಸೆಣಬಿನ ನಾರು ಸುತ್ತಿ.
ಒಂದು ನನ್ನದು, ಒಂದು ಅಣ್ಣ ಡುಗಾಲ್ಡನದು.
ಯಾವುದು ಯಾರದೆಂದು ಬರೆದಿರಲಿಲ್ಲ.
ಅಮ್ಮನಿಗೆ ಗೋಣಿ ನೇಯುವ ಗಿರಣಿಯಲ್ಲಿ ಕೆಲಸ.
ಮೂವತ್ತು ತುಂಬುವ ಮೊದಲೇ
ಮಗ್ಗಗಳು ಅವಳ ಕಿವಿ ತಿಂದು ಮುಗಿಸಿದ್ದವು.
ಅಲ್ಲಿ ಎಲ್ಲ ಹೆಂಗಸರೂ ತುಟಿ ಓದುವವರೇ.
ಮನೆಯಲ್ಲೂ ಅಮ್ಮ ಹಾಗೇ ಮಾತಾಡಿದಳು, ಸದ್ದಿಲ್ಲದೆ,
ಬೆರಳಿನಲ್ಲಿ, ಹುಬ್ಬಿನಲ್ಲಿ.
ತೊಟ್ಟಿಲ ಕೂಸಿಗೆ ತುಟಿ ಓದಲು ಬರುತ್ತದೆಯೇ?

ಎರಡನ್ನೂ ಸೀಳಿದೆ, ಒಂದು ಶುಕ್ರವಾರ, ಎಲ್ಲರೂ ಹೋದ ಮೇಲೆ.
ನೋಡಿದೊಡನೆ ತಿಳಿಯಿತು.
ಅಣ್ಣನದರಲ್ಲಿ ಗೆರೆಯ ಪಕ್ಕ ಗೆರೆ,
ಗೋಣಿಚೀಲದ ಬಾಯಿ ಹೊಲಿದ ಹಾಗೆ.
ಶಾಲೆಯ ಕಾರ್ಡಿನಲ್ಲಿ ಅವನ ಹೆಸರಿನೆದುರು
‘ಮಂದ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದರು,
ಆಮೇಲೆ ಅಳಿಸಿದ್ದರು,
ಓದಲು ಬರುವಷ್ಟು ಉಳಿಸಿ.
ಐವತ್ತೆರಡಕ್ಕೆ ಅವನ ಎದೆ ನಿಂತಿತು.
ಸಿಗರೇಟು, ಎಂದರು ಡಾಕ್ಟರು.
ಸಿಗರೇಟೂ ಹೌದು.

ನನ್ನದರಲ್ಲೂ ಒಂದು ದಪ್ಪ ಗೆರೆ, ಏಳನೆಯ ತಿಂಗಳಲ್ಲಿ.
ಅಲ್ಲಿಂದಾಚೆ ಹಾಲಿನ ಕೆನೆಯಂತೆ ನುಣುಪು.
ಅದೇ ಅಮ್ಮ, ಅದೇ ಕೋಣೆ.
ಯಾರು ಬಂದರು ಆ ತಿಂಗಳು?

“ಕೆಳಮನೆಯ ಮಿಸೆಸ್ ಗೌರ್ಲೆ,” ಎಂದಳು ಚಿಕ್ಕಮ್ಮ ಜೀನಿ,
ಗೊತ್ತಿರಲಿಲ್ಲವೇ ಎಂಬಂತೆ ನೋಡಿ.
“ಅಮ್ಮ ಮತ್ತೆ ಗಿರಣಿಗೆ ಹೋದಳಲ್ಲ,
ಆವತ್ತಿನಿಂದ ಹಗಲೆಲ್ಲ ನೀನು ಅವಳ ಒಲೆ ಹತ್ತಿರ.
ಡುಗಾಲ್ಡ್ ಕೂಸಾಗಿದ್ದಾಗ ಅವಳಿನ್ನೂ ಆ ಮನೆಗೆ ಬಂದಿರಲಿಲ್ಲ, ಪಾಪ.
ಬಾಯಿಗೆ ಬೀಗವಿಲ್ಲದ ಹೆಂಗಸು.
ಆಲೂಗಡ್ಡೆ ಸುಲಿದರೂ ನಿನಗೆ ಒಪ್ಪಿಸಬೇಕು:
ನೋಡು ಎಫೀ, ಇದು ಮೂಗಿರುವ ಆಲೂಗಡ್ಡೆ,
ಈಗ ಉಪ್ಪು, ಈಗ ಮುಚ್ಚಳ,
ಈಗ ನಾವಿಬ್ಬರೂ ಕಾಯೋಣ.”

ಆ ಮುಖ ನನಗೆ ನೆನಪಿಲ್ಲ. ಆ ಮುಚ್ಚಳದ ಸದ್ದೂ ಇಲ್ಲ.
ಕಿವುಡಿಯ ಮಗಳಿಗೆ ಇಷ್ಟು ಮಾತು ಎಲ್ಲಿಂದ ಬಂತೆಂದು
ಟೀಚರು ಕೇಳಿದಾಗ ಹೆಗಲು ಕುಣಿಸಿದ್ದೆ.

ನಾನೂರ ಹದಿನೇಳರ ಲಕೋಟೆಯ ಹಿಂದೆ ವಿಳಾಸವಿದೆ,
ನಾನು ನೋಡಬಾರದ್ದು.
ನೋಡಿದೆ. ಒಂದು ಹಾಳೆ ಹರಿದು ಬರೆದೆ:
ಗಮನ ಸಾಲದೆ ಅಲ್ಲ.
ಮೊದಲು ಅವನ ಕಿವಿ ತೋರಿಸಿ,
ಆಮೇಲೆ ಗೋಡೆ ತೋರಿಸಿ, ಪುರಸಭೆಗೆ, ಬಿಡದೆ.
ಅಡುಗೆ ಮಾಡುವಾಗ ಅವನನ್ನು ಎದುರಿಗೆ ಕೂರಿಸಿಕೊಂಡು
ಗಟ್ಟಿಯಾಗಿ ಮಾತಾಡಿ, ಏನಾದರೂ.

ಕೆಲಸ ಹೋದೀತೆಂದು
ನನ್ನ ಹೆಸರು ಹಾಕಲಿಲ್ಲ.
ಗೌರ್ಲೆ, ಎಂದು ಸಹಿ ಮಾಡಿದೆ.