ಐಸ್ ಫ್ಯಾಕ್ಟರಿಯ ಹಲಗೆ

ಬೈತಕೋಲದ ಐಸ್ ಫ್ಯಾಕ್ಟರಿಯ ಗೇಟಿಗೆ ತೂಗುವ
ಕರಿಹಲಗೆ ನನ್ನ ಸುಪರ್ದಿ.
ಲಾದಿಗೆ ಇಷ್ಟು, ಅರ್ಧಕ್ಕೆ ಇಷ್ಟು, ಉದ್ರಿ ಇಲ್ಲ.
ಇಷ್ಟು ಬರೆಯಲಿಕ್ಕೆ ಸಂಬಳ.

ಒಂದು ಬೆಳಿಗ್ಗೆ ದರದ ಕೆಳಗೆ ಜಾಗ ಉಳಿದಿತ್ತು,
ಬೆರಳಲ್ಲಿ ಸೀಮೆಸುಣ್ಣ ಉಳಿದಿತ್ತು.
ಬರೆದೆ:
‘ರಾತ್ರಿ ದೇವಗಡದ ದೀಪ ಎರಡು ಸಲ ಲೆಕ್ಕ ತಪ್ಪಿತು,
ಅಥವಾ ನನಗೆ ತೂಕಡಿಕೆ.’

ಯಾರೂ ಓದಲಿಲ್ಲ.
ಹನ್ನೊಂದು ದಿನ ಯಾರೂ ಓದಲಿಲ್ಲ.
ಒಂದು ಆಡು ಬಂದು ಬೆನ್ನು ತಿಕ್ಕಿಕೊಂಡು
ಎರಡು ಪದ ಮೈಮೇಲೆ ಹೊತ್ತು
ಜೆಟ್ಟಿಯ ಕಡೆ ಹೋಯಿತು.

ಹನ್ನೆರಡನೆಯ ದಿನ ಶೇವಂತಿ ಹರಿಕಂತ್ರ
ತಲೆಯ ಬುಟ್ಟಿ ಇಳಿಸದೆ ಕತ್ತು ಮಾತ್ರ ತಿರುಗಿಸಿ
‘ಬಂಗಡೆಯ ಸೊನ್ನೆ ಎಲ್ಲೋ? ನಿನ್ನ ಬಗಡೆ ಯಾರು ಕೊಳ್ತಾರೆ?’
ಸಿಟ್ಟು ಬರಬೇಕಿತ್ತು. ಚಾ ಕುಡಿಸಿದೆ.
ತಪ್ಪು ಹುಡುಕಿದವಳು
ಕೊನೆಯ ಸಾಲಿನ ತನಕ ಬಂದಿದ್ದಳಲ್ಲ.

ಆಮೇಲೆ ಕೋಡಿಬಾಗದ ಸೈಕಲ್ ಮೀನಿನವರು
ಒಂದು ಕಾಲು ನೆಲಕ್ಕೆ, ಒಂದು ಪೆಡಲಿಗೆ.
ಗೋವೆಯ ಲಾರಿ ಚಾಲಕ, ಕನ್ನಡ ಬಾರದವನು,
ಕ್ಲೀನರನಿಂದ ಓದಿಸಿಕೊಂಡು ತಡವಾಗಿ ನಕ್ಕ.
ಮಾಜಾಳಿಯಿಂದ ಬಂದ ನಿವೃತ್ತ ಮಾಸ್ತರು
ಕನ್ನಡಕ ಒರೆಸಿ ಓದಿ, ಏನೂ ಹೇಳದೆ
ಮರುದಿನ ಒಂದು ಪೆಟ್ಟಿಗೆ ಸೀಮೆಸುಣ್ಣ ಇಟ್ಟು ಹೋದರು.

ಮಳೆಗಾಲದ ಬಂದ್ ಮಾತ್ರ ಕಷ್ಟ.
ಬೋಟುಗಳು ಹಗ್ಗದಲ್ಲಿ, ದರ ಇದ್ದಲ್ಲೇ,
ಅಕ್ಷರ ಬರೆಯುವಷ್ಟರಲ್ಲಿ ಎರಚಲು ಬಂದು ನೆಕ್ಕುತ್ತದೆ.
ಆಗ ಬಲೆ ಹೆಣೆಯುವವರ ಪಕ್ಕ ಕೂತು
ಸೂಜಿ ಹೋಗುವುದನ್ನು, ಬರುವುದನ್ನು ಬರೆದೆ,
ಅರುವತ್ತೊಂದು ದಿನ.
ಸೂಜಿಗೆ ಅಷ್ಟು ಸುದ್ದಿ ಇರುತ್ತದೆಂದು ನನಗೂ ಗೊತ್ತಿರಲಿಲ್ಲ.

ಹೆಸರು ಹಬ್ಬಿತು. ತಲೆಗೂ ಏರಿತು.
ಬಲೆ ಅಂಗಡಿಯ ಗಾಂವ್ಕರ್ ‘ಅರ್ಧ ಹಲಗೆ ಕೊಡು’ ಎಂದ,
ಕಾಲು ಕೊಟ್ಟೆ.
ಗುಂಪು ಐದು ಜನ ಕಮ್ಮಿಯಾದ ದಿನ
ಎಣಿಸಿದೆ. ಎಣಿಸಬಾರದಿತ್ತು.
ಮರುಬೆಳಿಗ್ಗೆ ದಪ್ಪಕ್ಷರದಲ್ಲಿ
‘ಸಂಜೆಯೊಳಗೆ ಬಿರುಗಾಳಿ!’
ಆಕಾಶ ತೊಳೆದ ತಟ್ಟೆಯ ಹಾಗಿತ್ತು.

ಎಷ್ಟು ಜನ! ಗೇಟು ತೆರೆಯಲಿಕ್ಕೇ ಜಾಗವಿಲ್ಲ.
ಮೂರು ಬೋಟು ಹೊರಡಲಿಲ್ಲ.
ಓದು ಬಾರದ ವಿಠೋಬ ತಾಂಡೇಲ ಒಬ್ಬನೇ ಹೋದ,
ಸಂಜೆ ತಾರ್ಲೆಯ ಭಾರಕ್ಕೆ ಬೋಟು ವಾಲಿಸಿಕೊಂಡು ಬಂದು
ನನ್ನೆದುರು ನಿಂತು ಕೇಳಿದ, ನಿಜವಾಗಿ ತಿಳಿಯದೆ:
‘ಕಿತೆಂ ಬರಯ್ಲಾಂ ಆಜ್?’

ಓದಿ ಹೇಳಲು ನಾಲಿಗೆ ಏಳಲಿಲ್ಲ.
ಮೂರು ಬೋಟಿನ ಮನೆಗಳಲ್ಲಿ ಆ ರಾತ್ರಿ
ಗಂಜಿಗೆ ಏನಿತ್ತೋ, ಅದನ್ನೂ ಕೇಳಲಿಲ್ಲ.

ಮರುದಿನ ಸಣ್ಣಕ್ಷರದಲ್ಲಿ ಬರೆದೆ:
‘ನಿನ್ನೆಯದು ಸುಳ್ಳು. ಗಾಳಿ ಬೀಸಿದ್ದು ನನ್ನ ತಲೆಯಲ್ಲಿ.’
ಏಳು ಜನ ಓದಿದರು.
ಒಬ್ಬ ಉಗಿದ, ಹಲಗೆಗಲ್ಲ, ಪಕ್ಕಕ್ಕೆ.
ಗಾಂವ್ಕರ್ ತನ್ನ ಕಾಲು ಹಲಗೆ ಅಳಿಸಿಸಿದ.
ಆ ಜಾಗಕ್ಕೆ ಈಗ ಭರತ ಇಳಿತದ ಹೊತ್ತು ಹಾಕುತ್ತೇನೆ,
ಎರಡು ಸಲ ನೋಡಿ.

ನಿಮ್ಮ ಗುಟ್ಟೇನು ಎಂದು ಒಬ್ಬ ಹುಡುಗ ಕೇಳಿದ್ದ,
ಅವನಿಗೂ ಎಲ್ಲೋ ಒಂದು ಗೋಡೆ ಸಿಕ್ಕಿದೆಯಂತೆ.
ಒದ್ದೆ ಬಟ್ಟೆ, ಅಂದೆ.
ರಾತ್ರಿ ಚೆನ್ನಾಗಿದ್ದದ್ದನ್ನೂ ಒರೆಸಬೇಕು,
ಇಲ್ಲದಿದ್ದರೆ ಬೆಳಿಗ್ಗೆ ಅದನ್ನೇ ನೋಡುತ್ತಾ ನಿಂತುಬಿಡುತ್ತೀಯ.
ಅವನಿಗೆ ಸಮಾಧಾನ ಆಗಲಿಲ್ಲ.

ಕಳೆದ ವಾರ ಜ್ವರ, ನಾಲ್ಕು ದಿನ ಏಳಲಾಗಲಿಲ್ಲ.
ಐದನೆಯ ದಿನ ಗೋಡೆ ಹಿಡಿದು ಬಂದರೆ
ಹಲಗೆಯ ಮೇಲೆ ಬೇರೆಯ ಕೈ, ಓರೆ ಸಾಲು,
ಶೇವಂತಿಯ ಮಗಳದ್ದಿರಬೇಕು:
‘ಐಸ್ ದರ ನಿನ್ನೆಯದೇ. ಬರೆಯುವವರಿಗೆ ಹುಷಾರಿಲ್ಲ.
ಬಗಡೆ ಬಂದಿದೆ.’

ಸೊನ್ನೆ ಇರಲಿಲ್ಲ.
ಸೀಮೆಸುಣ್ಣ ಎತ್ತಿದವನು
ಹಾಗೇ ಬಿಟ್ಟೆ.