ಸಡಿಲ

ಹನ್ನೆರಡು ಪೌಂಡಿಗೆ ಒಂದು ಜೊತೆ ಚೀಲ.
ಕರ್ಕ್‌ವಾಲ್ ಪೇಟೆಯ ಅಂಗಡಿಯಲ್ಲಿ,
ಈ ಗಾಳಿಯ ದ್ವೀಪದಲ್ಲಿ ಯಾರೂ ಕೊಳ್ಳದ
ಛತ್ರಿಗಳ ಅಡಿಯಲ್ಲಿ ಬಿದ್ದಿದ್ದವು.
ಕಪ್ಪು ಬಟ್ಟೆ, ಅಂಚಿಗೆ ಮಿನುಗುವ ಪಟ್ಟಿ,
ಬೆನ್ನಿಗೆ ಎರಡೆರಡು ಪ್ಲಾಸ್ಟಿಕ್ ಕೊಕ್ಕೆ,
ಜೊತೆಗೊಂದು ಚೀಟಿ: ಎಲ್ಲ ಸೈಕಲ್ಲಿಗೂ ಹೊಂದುತ್ತದೆ.
ಎಲ್ಲರಿಗೂ ಹೊಂದುವ ಅಂಗಿ ತೊಟ್ಟು ನೋಡಿದವಳಿಗೆ
ಆಗಲೇ ಗೊತ್ತಾಗಬೇಕಿತ್ತು.

ತುಕ್ಕು ಹಿಡಿದ ವ್ಯಾನು
ಏಪ್ರಿಲ್ ತಪಾಸಣೆಯಲ್ಲಿ ನಪಾಸಾಯಿತು.
ಕೋಳಿಗಳಿಗೆ ಅದು ಗೊತ್ತಿಲ್ಲ.
ಹಡಗುಕಟ್ಟೆಯ ದಾರಿಯಲ್ಲಿ ನನ್ನದೊಂದು ಮರದ ಪೆಟ್ಟಿಗೆ;
ಬಂದವರು ಮೊಟ್ಟೆ ತಗೊಂಡು ಕಾಸು ಹಾಕಿ ಹೋಗುತ್ತಾರೆ,
ಕಾಯುವವರು ಯಾರೂ ಇಲ್ಲ.
ಮನೆಯಿಂದ ಅಲ್ಲಿಗೆ ಮೂರು ಮೈಲಿ.

ಮೊದಲ ದಿನವೇ,
ದನ ದಾಟದಂತೆ ರಸ್ತೆಗೆ ಅಡ್ಡ ಹಾಸಿದ
ಕಬ್ಬಿಣದ ಕೊಳವೆಗಳ ಮೇಲೆ
ಗಡ ಗಡ ಗಡ
ಬಲಗಡೆಯ ಚೀಲ ಕೊಕ್ಕೆ ಕಳಚಿ ಹಾರಿತು.
ಎರಡು ಡಜನ್.
ಹಳದಿ ಹರಿದು ಸಂದಿಯಲ್ಲಿ ಇಳಿಯಿತು.
ಬೇಲಿಯಾಚೆ ಹಸುವೊಂದು
ಮೆಲುಕು ನಿಲ್ಲಿಸಿ ನೋಡಿತು.

ಎರ್ಲೆಂಡ್ ಇಸ್ಬಿಸ್ಟರ್ ಏಡಿಬುಟ್ಟಿ ಹೆಣೆಯುವವ.
ಸೈಕಲ್ಲು ಹತ್ತಿ ನಲವತ್ತು ವರ್ಷವಾಯಿತಂತೆ.
ಮಗುವಿನ ಅಲುಗುವ ಹಲ್ಲು ಹಿಡಿದ ಹಾಗೆ
ಎರಡೇ ಬೆರಳಲ್ಲಿ ಕೊಕ್ಕೆ ಹಿಡಿದು ಅಲ್ಲಾಡಿಸಿದ.
"ಕ್ಯಾರಿಯರ್ ಸರಳು ಕಿರುಬೆರಳಿನಷ್ಟು.
ಕೊಕ್ಕೆಯ ಬಾಯಿ ಹೆಬ್ಬೆರಳಿನಷ್ಟು.
ಮಿಕ್ಕ ಜಾಗದಲ್ಲಿ ನಿನ್ನ ಮೊಟ್ಟೆ ಒಡೆಯಿತು, ಇಂಗಾ."

ಹಳೇ ಟ್ಯೂಬು ಸೀಳಿ ಸರಳಿಗೆ ಸುತ್ತಿದ,
ಒಂದು ಸುತ್ತು, ಮೇಲಿನ್ನೊಂದು,
ಗಾಯಕ್ಕೆ ಬಟ್ಟೆ ಕಟ್ಟುವ ಬಿಗಿಯಲ್ಲ,
ಬಲೆಗೆ ಗಂಟು ಹಾಕುವ ಬಿಗಿ.
ಕೊಕ್ಕೆ ಈಗ ತಿಣುಕುತ್ತಾ ಕೂತಿತು,
ಬೇಡ ಬೇಡ ಎನ್ನುತ್ತಲೇ
ಎಲೆಯ ಮುಂದೆ ಕೂರುವ ನೆಂಟನಂತೆ.

ಹಿಂದಕ್ಕೆ ಸರಿಸು ಅಂದ.
ನನ್ನ ಬೂಟಿನ ಹಿಮ್ಮಡಿ ಪ್ರತಿ ಪೆಡಲಿಗೂ
ಚೀಲವನ್ನು ಒದೆಯುತ್ತಿತ್ತು; ನಾನು ಅದನ್ನು
ದಾರಿಯ ತಪ್ಪು ಅಂದುಕೊಂಡಿದ್ದೆ.
ಸರಿಸಿದೆ. ಮತ್ತೆ ಜಾರದಂತೆ
ಕೊಕ್ಕೆಯ ಅತ್ತ ಇತ್ತ ಪ್ಲಾಸ್ಟಿಕ್ ಪಟ್ಟಿ ಬಿಗಿದು
ಬಾಲ ಕತ್ತರಿಸಿದೆ.
ಕೆಳಗಿನ ಎಲಾಸ್ಟಿಕ್ಕು
ಹಳೇ ಕಾಲುಚೀಲದ ಬಾಯಿಯ ಹಾಗೆ ಸೋತಿತ್ತು.
ಅದರ ಬದಲಿಗೆ ಏಡಿಬುಟ್ಟಿಯ ನೀಲಿ ಹಗ್ಗ,
ಚಕ್ರದ ಕಡ್ಡಿಗೆ ಸಿಕ್ಕದಂತೆ ಗಿಡ್ಡಗೆ ಕೊಯ್ದು
ತುದಿಯನ್ನು ಲೈಟರಿನಲ್ಲಿ ಕರಗಿಸಿದ.

ಎಷ್ಟು ಕೊಡಲಿ ಅಂದೆ.
"ಒಡೆಯದ್ದು ಆರು" ಅಂದ.

ಇವತ್ತು ಬೆಳಿಗ್ಗೆ ಅದೇ ಕೊಳವೆಗಳು.
ಇಳಿದು ತಳ್ಳೋಣ ಅಂದುಕೊಂಡವಳು ಇಳಿಯಲಿಲ್ಲ.
ಸೀಟಿನಿಂದ ಎದ್ದು ನಿಂತೆ.
ಹಲ್ಲಿಗೆ ಹಲ್ಲು ಬಡಿಯಿತು,
ಹ್ಯಾಂಡಲ್ಲಿನ ಗಂಟೆ ತಾನೇ ಬಾರಿಸಿಕೊಂಡಿತು,
ಹಿಂದಿನಿಂದ ಮಾತ್ರ ಸದ್ದೇ ಇಲ್ಲ.

ಹೋಯಿತು, ಅಂದುಕೊಂಡೆ. ಈ ಸಲ ಎರಡೂ.
ತಿರುಗಿ ನೋಡಲು ಧೈರ್ಯ ಸಾಲದೆ
ಒಂದು ಕೈ ಹಿಂದೆ ಚಾಚಿ ತಡಕಿದೆ:
ಒದ್ದೆ ಬಟ್ಟೆ.
ಅದರೊಳಗೆ ಟ್ರೇಯ ಮೂಲೆ.

ಎಷ್ಟೋ ಹೊತ್ತು ಕೈ ಅಲ್ಲೇ ಇತ್ತು,
ಇನ್ನೊಂದರಲ್ಲಿ ಹ್ಯಾಂಡಲ್ಲು,
ಕಡಲ ಕಡೆಯಿಂದ ಅಡ್ಡಗಾಳಿ.